ಲೆಕ್ಕ

ಮೇಖ್ರಿ ಸರ್ಕಲ್ ಸಿಗ್ನಲ್ಲಿನಲ್ಲಿ ಮೂರು ದಿನದಿಂದ ಇದೇ ಹಾಡು,
ಆಕ್ಸಿಲೇಟರ್ ಬಿಟ್ಟರೆ ಸಾಕು, ಆಫ್.
ಚೋಕ್ ಎಳೆದರೆ ಉಸಿರು, ತಳ್ಳಿದರೆ ಇಲ್ಲ.
ಹಿಂದಿನ ಆಟೋದವನ ಹಾರನ್ನು ನನ್ನ ಬೆನ್ನಿಗೆ ಬಿದ್ದ ಬೈಗುಳ.

ಸಗಾಯಂಗೆ ಫೋನು ಮಾಡಿದೆ.
"ಕಾರ್ಬೋರೇಟರೇ ಚೇಂಜ್ ಮಾಡ್ಬಿಡಿ ಮೇಡಂ,
ಎರಡು ಸಾವಿರದ ಎಂಟುನೂರು."
ನಾನೇ ಬಿಚ್ಚಿದರೆ?
ಆ ಕಡೆ ಸುತ್ತಿಗೆ ಸದ್ದು ನಿಂತಿತು.
"ಬಿಚ್ಚಿ. ಪೈಲಟ್ ಜೆಟ್ಟಿಗೆ ಸೂಜಿ ಮಾತ್ರ ಹಾಕಬೇಡಿ.
ತೂತು ದೊಡ್ಡದಾದ್ರೆ ಕುಡಿಯೋಕೆ ಶುರು ಮಾಡುತ್ತೆ,
ನಮ್ಮಪ್ಪ ಕುಡಿದಂಗೆ."
ಇಪ್ಪತ್ತೊಂದು ವರ್ಷ ಸೂಜಿ ಹಿಡಿದ ಕೈ ಇದು,
ಬೇಡ ಅಂದವನು ಅವನೊಬ್ಬನೇ.

ನೈಟ್ ಡ್ಯೂಟಿ ಮುಗಿಸಿ ಬಂದು, ಮಲಗದೆ,
ಗಾಡಿಯನ್ನು ಗೇಟಿನಾಚೆ ಹೊಂಗೆ ಮರದ ಕೆಳಗೆ ತಳ್ಳಿದೆ.
ಮೆಟ್ಟಿಲ ಕೆಳಗೆ ಏಳು ಮನೆಯ ಮೀಟರ್ ಬೋರ್ಡು,
ಅದರ ಪಕ್ಕ ಪೆಟ್ರೋಲು ಬೇಡ.
ಗುಟ್ಟಹಳ್ಳಿಯ ಏಪ್ರಿಲ್ ಬಿಸಿಲು.
ಹೊಂಗೆ ಹೂ ಮಂಡಕ್ಕಿಯ ಹಾಗೆ ಉದುರಿ
ಸೀಟಿನ ಮೇಲೆ, ತಲೆಯ ಮೇಲೆ,
ಉಪ್ಪಿಟ್ಟು ತಿಂದು ತೊಳೆದಿಟ್ಟ ತಟ್ಟೆಯ ಒಳಗೆ.

ಪೆಟ್ರೋಲ್ ನಲ್ಲಿ ಬಂದ್. ಪೈಪು ಕಿತ್ತೆ.
ಒಂದೊಂದೇ ಸ್ಕ್ರೂ, ಬಿಚ್ಚಿದ ಕ್ರಮದಲ್ಲೇ, ತಟ್ಟೆಯ ಅಂಚಿಗೆ.
ಫ್ಲೋಟು, ಅದರ ಪಿನ್ನು, ಮೀನಿನ ಮುಳ್ಳಿನಷ್ಟು ಸಣ್ಣ ವಾಲ್ವು.
ಬಟ್ಟಲ ತಳದಲ್ಲಿ ಹಸಿರುಗಪ್ಪು ಗಸಿ,
ಕಾಫಿ ಫಿಲ್ಟರಿನದ್ದಾದರೆ ಗಿಡಕ್ಕೆ ಹಾಕಬಹುದಿತ್ತು.
ಕೆಳಮನೆಯ ಹೊಂಬಾಳಮ್ಮ ಬಿಂದಿಗೆ ಇಳಿಸಿ ನಿಂತರು:
"ಏನಮ್ಮಾ ರೋಸ್‌ಲಿನ್, ಗಾಡಿಗೂ ಹೆರಿಗೆಯಾ?"
ನಗಲಿಲ್ಲ ನಾನು. ಜೆಟ್ಟು ಬೆರಳ ತುದಿಯಲ್ಲಿತ್ತು.

ಐದು ಎಂಎಲ್ ಸಿರಿಂಜು, ಸೂಜಿ ತೆಗೆದದ್ದು.
ಪೆಟ್ರೋಲು ಎಳೆದು ಚಿಮ್ಮಿಸಿದೆ, ಹೋಗಲಿಲ್ಲ.
ವೈರು ಸುಲಿದು ತಾಮ್ರದ ಒಂದೇ ಎಳೆ ತೂರಿಸಿ
ಮತ್ತೆ ಚಿಮ್ಮಿಸಿದೆ.
ಕಣ್ಣಿಗೆ ಹಿಡಿದು ಮೇಲೆ ನೋಡಿದರೆ
ಗಸಗಸೆಯಷ್ಟು ಆಕಾಶ.
ಇಷ್ಟು ದೊಡ್ಡ ಊರಿನ ಟ್ರಾಫಿಕ್ಕಿನಲ್ಲಿ
ಇಷ್ಟೇ ಇಷ್ಟು ದಾರಿ ಕಟ್ಟಿಕೊಂಡಿದ್ದಕ್ಕೆ
ನಾನು ಮೂರು ದಿನ ಬೈಸಿಕೊಂಡೆ.

ಎಲ್ಲ ಕೂಡಿಸಿದೆ. ಗಾಳಿಯ ಸ್ಕ್ರೂ ಪೂರ್ತಿ ಬಿಗಿದು
ಎರಡು ಸುತ್ತು ಹಿಂದಕ್ಕೆ.
ನಾಲ್ಕನೇ ಒದೆತಕ್ಕೆ ಎದ್ದಿತು. ಕೈಬಿಟ್ಟೆ. ನಿಂತಿತು,
ಅಂದರೆ ಆಫ್ ಆಗಲಿಲ್ಲ, ನಿಂತುಕೊಂಡಿತು
ತನ್ನ ಕಾಲ ಮೇಲೆ.

ತಟ್ಟೆ ತೊಳೆಯಲು ಎತ್ತಿದರೆ, ಹೂವಿನ ನಡುವೆ
ಒಂದು ಕರಿ ವಾಷರ್.

ಓಡುತ್ತಿದೆಯಲ್ಲ ಬಿಡು, ಅನ್ನಬಹುದಿತ್ತು.
ಒಂದು ರಾತ್ರಿ ಆಪರೇಷನ್ ಥಿಯೇಟರಿನಲ್ಲಿ
ನಲವತ್ತು ಗಾಜ್ ತುಂಡಿಗೆ ಮೂವತ್ತೊಂಬತ್ತೇ ಸಿಕ್ಕಿದ್ದವು.
ದೊಡ್ಡ ಡಾಕ್ಟರು ಹೊಲಿಗೆಗೆ ಕೈಹಾಕಿ ಆಗಿತ್ತು.
ನಿಲ್ಲಿ ಸಾರ್, ಲೆಕ್ಕ ಸರಿಯಿಲ್ಲ,
ಅಂದ ದನಿ ನನ್ನದೇ ಅಂತ ಆಮೇಲೆ ಗೊತ್ತಾಯಿತು.
ಆ ತುಂಡು ಎಲ್ಲಿತ್ತು ಅಂತ ಇಲ್ಲಿ ಬರೆಯುವುದಿಲ್ಲ.

ಗಾಡಿ ಆಫ್ ಮಾಡಿದೆ. ಬಿಸಿ ಆರುವವರೆಗೆ ಕೂತೆ. ಮತ್ತೆ ಬಿಚ್ಚಿದೆ.
ಎಲ್ಲಿಗೂ ಕೂರದು ಅದು.
ಕೂಡಿಸಿದೆ. ಮತ್ತೂ ಒಂದು ಸಲ ಬಿಚ್ಚಿದೆ.
ಉಗುರೊಳಗೆ ಕರಿ, ಕಣ್ಣೊಳಗೆ ನಿದ್ದೆ,
ಮೂರು ಗಂಟೆಯ ಬಿಸಿಲು ಹೊಂಗೆಯನ್ನು ದಾಟಿ ಬಂದಿತ್ತು.

"ಅಯ್ಯೋ, ಅದು ನಮ್ಮ ಬಚ್ಚಲ ನಲ್ಲೀದು ಕಣೇ!"
ಹೊಂಬಾಳಮ್ಮ ಬಿಂದಿಗೆಯ ಜೊತೆ ಮತ್ತೆ.
"ಅಂಗಡಿ ಕಡೆ ಹೋದ್ರೆ ಇದೇ ಅಳತೇದು ತರಲಿ ಅಂತ
ಬೆಳಿಗ್ಗೇನೇ ನಿನ್ನ ತಟ್ಟೇಲಿ ಹಾಕಿದ್ದೆ.
ಹೇಳೋಣ ಅಂದ್ರೆ ನೀನು ತಲೆ ಎತ್ತಬೇಕಲ್ಲ."

ಬೈಯಬೇಕು ಅನ್ನಿಸಿತು. ಬಂದದ್ದು ನಗು.
ಅವರ ಬಚ್ಚಲಲ್ಲಿ ನೀರು ಬೆಳಗಿನಿಂದ ತೊಟ್ಟಿಕ್ಕುತ್ತಲೇ ಇತ್ತಂತೆ,
ಬಿಂದಿಗೆ ಅದಕ್ಕೇ.

ಹಾರ್ಡ್‌ವೇರ್ ಅಂಗಡಿ ಎರಡೇ ಕ್ರಾಸು ಆಚೆ.
ಆದರೂ ಮೇಖ್ರಿ ಸರ್ಕಲ್ ಸುತ್ತಿಕೊಂಡು ಹೋದೆ,
ಹಳೆ ವಾಷರ್ ಕಿರುಬೆರಳಿಗೆ ಹಾಕಿಕೊಂಡು.
ಕೆಂಪು ದೀಪ. ನೂರಾ ಹತ್ತೊಂಬತ್ತು, ನೂರಾ ಹದಿನೆಂಟು.
ಕೈಬಿಟ್ಟೆ.
ಸುತ್ತ ನೂರು ಇಂಜಿನ್ನು. ನನ್ನದು ಯಾವ ಸದ್ದು ಅಂತ
ನನಗೊಬ್ಬಳಿಗೆ ಗೊತ್ತಿತ್ತು.